ಹೊಗೆ ಹೊಡೆಸಿದರೂ ಡೆಂಗಿ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನಮ್ಮ ಬೀದಿಯಲ್ಲಿ ಮನೆಮನೆಗೂ ಜ್ವರ. ಹೊಗೆ ಹೊಡೆದು ಹೋದರು, ಸೊಳ್ಳೆ ಸ್ವಲ್ಪ ಕಮ್ಮಿಯಾಯ್ತು, ಮತ್ತೆ ಶುರು. ಚರಂಡಿ ಕ್ಲೀನ್ ಮಾಡಿಸಿ ಅಂತ ಎಲ್ಲರ ಗಲಾಟೆ. ಅದರಿಂದ ಡೆಂಗಿ ನಿಲ್ಲುತ್ತಾ?

ಉತ್ತರ 1: ಚರಂಡಿ ಕ್ಲೀನ್ ಆಗಲೇಬೇಕು, ಬೇಡ ಅನ್ನಲ್ಲ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಗಿಂತ ನಮ್ಮ ಮನೆಗಳೇ ಇಷ್ಟ. ಮುಚ್ಚಳವಿಲ್ಲದ ಡ್ರಮ್ಮು, ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ ಹಿಂದಿನ ಟ್ರೇ (ಅದನ್ನಂತೂ ಯಾರೂ ನೋಡಲ್ಲ), ತಾರಸಿಗೆ ಎಸೆದ ಟೈರು. ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ, ನೀರಿನಲ್ಲಿರುವ ಮರಿಗಳಿಗೆ ಏನೂ ಆಗಲ್ಲ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು, ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿ ಒಳಬದಿಯನ್ನು ಚೆನ್ನಾಗಿ ತಿಕ್ಕಬೇಕು. ಸುಮ್ನೆ ಚೆಲ್ಲಿದರೆ ಸಾಲದು, ಅಂಟಿಕೊಂಡ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಉತ್ತರ 2: ಈ ಸೊಳ್ಳೆ ಹಗಲಲ್ಲೇ ಜಾಸ್ತಿ ಕಚ್ಚೋದು. ಜ್ವರ ಬಂದವರು ಹಗಲಲ್ಲೂ ಪರದೆಯೊಳಗೇ ಮಲಗಲಿ, ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ಪಕ್ಕದ ಮನೆಗೆ ಹಚ್ಚೋದು.

ಉತ್ತರ 3: ಮೈಕೈ ನೋವು ಅಂತ ಐಬುಪ್ರೊಫೆನ್, ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವದ ಅಪಾಯ. ಪ್ಯಾರಾಸಿಟಮಾಲ್ ಸಾಕು, ಅದೂ ಅಳತೆ ಮೀರಬಾರದು. ಇನ್ನೊಂದು, ಜ್ವರ ಇಳಿಯಿತು ಅಂತ ನಿರಾಳ ಆಗ್ತಾರಲ್ವಾ, ಕಷ್ಟ ಶುರುವಾಗೋದು ಎಷ್ಟೋ ಸಲ ಆಗಲೇ. ಜೋರು ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು: ಫ್ರಿಜ್ ಟ್ರೇ ಈಗ ಎಳೆದು ನೋಡಿದೆ. ಮರಿಗಳು ಕುಣಿಯುತ್ತಿವೆ!