ಅಗ್ಗದ ಅಂಗಡಿಗೇ ಹೋದರೂ ವಾರದ ಬಿಲ್ಲು ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ವಾರದ ದಿನಸಿಯನ್ನೆಲ್ಲ ಡಿಸ್ಕೌಂಟ್ ಸೂಪರ್ ಮಾರ್ಕೆಟ್‌ನಲ್ಲೇ ತರುತ್ತಿದ್ದೇನೆ. ಮನೆಯಲ್ಲಿ ಐದು ಜನ. ನಾನು, ಯಜಮಾನರು, ಇಬ್ಬರು ಮಕ್ಕಳು, ಅತ್ತೆ. ಯಜಮಾನರಿಗೆ ಓವರ್‌ಟೈಮ್ ನಿಂತುಹೋಯಿತು, ಖರ್ಚು ಇಳಿಸಲೇಬೇಕಾಯಿತು. ಅದಕ್ಕೇ ಅಂಗಡಿ ಬದಲಾಯಿಸಿದೆ. ಒಂದೊಂದೇ ಸಾಮಾನು ನೋಡಿದರೆ ಹಳೆಯ ಅಂಗಡಿಗಿಂತ ಕಡಿಮೆಯೇ. ಆದರೆ ತಿಂಗಳ ಕೊನೆಗೆ ಕೂಡಿಸಿದರೆ ಹೆಚ್ಚುಕಡಿಮೆ ಮೊದಲಿನಷ್ಟೇ ಬರುತ್ತಿದೆ.

ನಿನ್ನೆ ರಾತ್ರಿ ಕಳೆದ ವಾರದ ಬಿಲ್ಲು ಹಿಡಿದು ಕೂತೆ. 43 ಸಾಲು. ಮನೆಯಿಂದ ಬರೆದುಕೊಂಡು ಹೋಗಿದ್ದ ಚೀಟಿಯಲ್ಲಿ ಇದ್ದಿದ್ದು 26. ಉಳಿದ 17ರಲ್ಲಿ ಒಂದು ಟಾರ್ಚ್, ಎರಡು ಜೊತೆ ಕಾಲುಚೀಲ, ಮೂರು ತರದ ಬಿಸ್ಕತ್ತು, ಎರಡು ತಗೊಂಡರೆ ಒಂದು ಉಚಿತ ಅಂತ ಇಟ್ಟಿದ್ದ ಮೊಸರು. ಆ ಮೂರನೇ ಮೊಸರಿನ ಡಬ್ಬವನ್ನು ಇವತ್ತು ಬೆಳಿಗ್ಗೆ ತೆಗೆದರೆ ಮುಚ್ಚಳದ ಅಂಚಿನಲ್ಲಿ ಹಸಿರು ಬೂಷ್ಟು. ಹಾಗೇ ಚೆಲ್ಲಿದೆ. ಮನಸ್ಸಿಗೆ ತುಂಬ ಬೇಜಾರಾಯಿತು.

ಚೀಟಿ ಬರೆದುಕೊಂಡು ಹೋದರೂ ಹೀಗಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ? ನೀವೆಲ್ಲ ಹೇಗೆ ಮಾಡುತ್ತೀರಿ, ಬಿಡಿಸಿ ಹೇಳಿ.

ಉತ್ತರ 1

ಅಕ್ಕಾ, ನಾನು ಇಂಥದೇ ಒಂದು ಅಂಗಡಿಯಲ್ಲಿ ಆರು ವರ್ಷ ಸಾಮಾನು ಜೋಡಿಸುವ ಕೆಲಸ ಮಾಡಿದ್ದೇನೆ. ಒಳಗಿನಿಂದ ಕಂಡಿದ್ದನ್ನು ಹೇಳುತ್ತೇನೆ.

ಈ ಅಂಗಡಿಗಳಲ್ಲಿ ಬೆಲೆ ಕಡಿಮೆ ಇರುವುದು ಸುಳ್ಳಲ್ಲ. ದೊಡ್ಡ ಅಂಗಡಿಯಲ್ಲಿ ಒಂದೇ ಸಾಮಾನು ಇಪ್ಪತ್ತು ತರ ಇದ್ದರೆ ಇಲ್ಲಿ ಎರಡೋ ಮೂರೋ. ರಟ್ಟಿನ ಪೆಟ್ಟಿಗೆಯ ಮುಂಭಾಗ ಹರಿದು ಹಾಗೇ ಶೆಲ್ಫಿಗೆ ತಳ್ಳುತ್ತಿದ್ದೆವು, ಒಂದೊಂದೇ ಪ್ಯಾಕೆಟ್ ಜೋಡಿಸುವ ಕೆಲಸವಿಲ್ಲ. ಕಡಿಮೆ ಜನ, ಕಡಿಮೆ ಜಾಗ. ಜಾಸ್ತಿ ಮಾಲು ಅಂಗಡಿಯದೇ ಹೆಸರಿನದು, ಜಾಹೀರಾತಿನ ಖರ್ಚು ಅಷ್ಟಿಲ್ಲ. ಅದೆಲ್ಲ ಬೆಲೆಯಲ್ಲಿ ಇಳಿಯುತ್ತದೆ.

ಆದರೆ ನಿಮ್ಮ ಟಾರ್ಚು, ಕಾಲುಚೀಲ ಸಿಕ್ಕಿದ್ದು ಮಧ್ಯದ ಸಾಲಿನಲ್ಲಿ ಅಲ್ವಾ? ಅಲ್ಲಿ ವಾರವಾರವೂ ಮಾಲು ಬದಲಾಗುತ್ತದೆ. ಮುಗಿದರೆ ಮತ್ತೆ ಬರುವುದು ಅನುಮಾನ. ಇವತ್ತು ಬಿಟ್ಟರೆ ಸಿಗೋದಿಲ್ಲ ಅನ್ನಿಸಿ ಕೈ ತಾನಾಗಿ ಹೋಗುತ್ತದೆ. ನೀವು ದಿನಸಿಯಲ್ಲಿ ಉಳಿಸಿದ್ದನ್ನು ಆ ಸಾಲಿನಲ್ಲಿ ಕೊಟ್ಟು ಬರುತ್ತಿದ್ದೀರಿ. ಆ ಸಾಲಿಗೆ ಕಾಲಿಡದೆ ಪಕ್ಕದಿಂದ ಬನ್ನಿ. ನಿಜವಾಗಿ ಟಾರ್ಚ್ ಬೇಕಿದ್ದರೆ ಅದೂ ಮನೆಯಲ್ಲೇ ಚೀಟಿಗೆ ಬರಲಿ.

ಮೊಸರಿನ ವಿಷಯ. ಹೊಸ ಮಾಲು ಬಂದಾಗ ನಾವು ಹಳೆಯದನ್ನು ಮುಂದಕ್ಕೆ ಎಳೆದು ಹೊಸದನ್ನು ಹಿಂದೆ ಇಡುತ್ತಿದ್ದೆವು. ವಾರ ಪೂರ್ತಿ ಬೇಕಾದದ್ದಕ್ಕೆ ಹಿಂದಿನಿಂದ ತೆಗೆಯಿರಿ, ತಾರೀಕು ನೋಡಿ. ಅವತ್ತೇ ಮುಗಿಸುವುದಾದರೆ ಮುಂದಿನದೇ ಸಾಕು, ಬೆಲೆ ಇಳಿಸಿದ ಚೀಟಿ ಅಂಟಿಸಿದ್ದರೆ ಇನ್ನೂ ಒಳ್ಳೆಯದು. ಮನೆಗೆ ಬಂದ ಮೇಲೆ ಫ್ರಿಜ್ಜಿನಲ್ಲೂ ಹೀಗೇ ಮಾಡಿ, ಹಳೆಯದು ಮುಂದೆ. ಮೂರನೇ ಡಬ್ಬ ಹಿಂದೆ ಸೇರಿಕೊಂಡಿತ್ತು ಅನ್ನಿಸುತ್ತದೆ. ಇನ್ನೊಂದು, 'ಬೆಸ್ಟ್ ಬಿಫೋರ್' ಅಂದರೆ ರುಚಿ, ಹದ ಚೆನ್ನಾಗಿರುವ ದಿನ. ಅದು ದಾಟಿದ ಬಿಸ್ಕತ್ತನ್ನು ಸುಮ್ನೆ ಎಸೆಯಬೇಡಿ. ಆದರೆ 'ಯೂಸ್ ಬೈ' ಅಂತಿದ್ದರೆ ದಾಟಿದ್ದನ್ನು ತಿನ್ನಬೇಡಿ.

ಬೆಲೆ ನೋಡುವಾಗ ದೊಡ್ಡ ಅಕ್ಷರ ಬಿಡಿ. ಶೆಲ್ಫಿನ ಚೀಟಿಯಲ್ಲಿ ಕೆಳಗೆ ಸಣ್ಣದಾಗಿ ಕಿಲೋಗೋ ನೂರು ಗ್ರಾಂಗೋ ಎಷ್ಟು ಅಂತ ಇದ್ದರೆ ಅದನ್ನು ಓದಿ. ಇಲ್ಲದಿದ್ದರೆ ಫೋನಿನಲ್ಲೇ ಭಾಗಿಸಿ. ದೊಡ್ಡ ಪ್ಯಾಕೆಟ್ಟೇ ಅಗ್ಗ ಅಂತ ನಂಬಿ ಎತ್ತಿಕೊಂಡು ಹೋದವರನ್ನು ದಿನಾ ನೋಡುತ್ತಿದ್ದೆ, ಪಕ್ಕದ ಚಿಕ್ಕದೇ ಅಗ್ಗವಾಗಿರುತ್ತಿತ್ತು. ಡಬ್ಬದ ಕಾಳಿನಲ್ಲಂತೂ ಇನ್ನೂ ಹುಷಾರು. ಕಡಲೆಕಾಳಿನ 400 ಗ್ರಾಂ ಡಬ್ಬದಲ್ಲಿ ನೀರು ಬಸಿದರೆ ಉಳಿಯುವುದು ಸಾಮಾನ್ಯವಾಗಿ 240 ಗ್ರಾಂ ಆಸುಪಾಸು. ಒಣಕಾಳು ನೂರು ಗ್ರಾಂ ನೆನೆಸಿ ಬೇಯಿಸಿದರೆ ತೂಕ ಸುಮಾರು ಎರಡು ಪಟ್ಟಾಗುತ್ತದೆ. ರಾತ್ರಿ ನೆನೆಹಾಕುವ ಅಭ್ಯಾಸ ಇದ್ದರೆ ಡಬ್ಬ ಬೇಕೇ ಇಲ್ಲ.

ಉತ್ತರ 2

ನನ್ನದು ಒಂದೇ ಮಾತು, ಅಂಗಡಿಯೊಳಗೆ ಸಾಮಾನು ಹಾಕಿಕೊಂಡು ತಳ್ಳುವ ಗಾಡಿ ತಗೋಬೇಡಿ. 1937ರಲ್ಲಿ ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ಸಿಲ್ವನ್ ಗೋಲ್ಡ್‌ಮನ್ ಅನ್ನುವ ಅಂಗಡಿ ಮಾಲೀಕ ಈ ಗಾಲಿಯ ಗಾಡಿಯನ್ನು ತಂದ. ಯಾಕೆ ಅಂದರೆ ಕೈಯಲ್ಲಿನ ಬುಟ್ಟಿ ಭಾರವಾದ ಕೂಡಲೇ ಜನ ಕೊಳ್ಳುವುದನ್ನು ನಿಲ್ಲಿಸುತ್ತಿದ್ದರು. ನಮಗೆ ಬೇಕಿರುವುದು ಅದೇ ಅಲ್ವಾ! ಅಕ್ಕಿ, ಎಣ್ಣೆ ತರುವ ವಾರ ಬಿಟ್ಟು ಉಳಿದ ವಾರ ನಾನು ಬುಟ್ಟಿಯಲ್ಲೇ ಮುಗಿಸುತ್ತೇನೆ. ಬುಟ್ಟಿಯ ಹಿಡಿ ಬೆರಳಿಗೆ ಒತ್ತತೊಡಗಿದರೆ ಒಳಗೆ ಏನೇನಿದೆ ಅಂತ ಒಮ್ಮೆ ನೋಡುತ್ತೇನೆ. ಒಂದಾದರೂ ವಾಪಸ್ ಶೆಲ್ಫಿಗೆ ಹೋಗುತ್ತದೆ.

ಉತ್ತರ 3

ಉತ್ತರ 1ರವರು ಹೇಳಿದ್ದೆಲ್ಲ ಸರಿ. ಆದರೆ ಅಂಗಡಿಯದೇ ಹೆಸರಿನ ಮಾಲೆಲ್ಲ ಲಾಭ ಅಂತ ನಾನು ಒಪ್ಪುವುದಿಲ್ಲ. ಸಕ್ಕರೆ, ಉಪ್ಪು, ಹಿಟ್ಟು, ಹಾಲು ಕಣ್ಣುಮುಚ್ಚಿ ತನ್ನಿ. ಬಟ್ಟೆ ಒಗೆಯುವ ಪುಡಿ ಮಾತ್ರ ನನಗೆ ಕೈಕೊಟ್ಟಿತು. ಒಂದು ಅಳತೆ ಹಾಕಿದರೆ ಕಾಲರಿನ ಕೊಳೆ ಹೋಗುತ್ತಿರಲಿಲ್ಲ, ಎರಡು ಹಾಕಬೇಕಾಗುತ್ತಿತ್ತು. ಅಂಥದನ್ನು ಕಿಲೋ ಲೆಕ್ಕದಲ್ಲಿ ನೋಡಬಾರದು, ಒಂದು ಪ್ಯಾಕೆಟ್ ಎಷ್ಟು ಸಲ ಒಗೆಯಲು ಬರುತ್ತದೆ ಅಂತ ನೋಡಬೇಕು. ಜಾಮ್, ಸಾಸ್ ತರದ್ದಾದರೆ ಹಿಂದಿನ ಪಟ್ಟಿ ಓದಿ. ಸಾಮಾನ್ಯವಾಗಿ ಯಾವುದು ಹೆಚ್ಚು ತೂಕವೋ ಅದೇ ಮೊದಲು ಬರೆದಿರುತ್ತದೆ. ಜಾಮಿನಲ್ಲಿ ಹಣ್ಣಿಗಿಂತ ಮೊದಲು ಸಕ್ಕರೆ ಇದ್ದರೆ ಅದು ಯಾಕೆ ಅಗ್ಗ ಅಂತ ಗೊತ್ತಾಗುತ್ತದೆ.

ಬೆಲೆ ಇಳಿಸಿದ ಬ್ರೆಡ್ ಸಿಕ್ಕರೆ ಫ್ರೀಜರಿಗೆ ಹಾಕಿ, ಕೆಳಗಿನ ಫ್ರಿಜ್ಜಿಗೆ ಬೇಡ. ಅಲ್ಲಿ ಹೊರಗಿಟ್ಟಿದ್ದಕ್ಕಿಂತ ಬೇಗ ಬಿರುಸಾಗುತ್ತದೆ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಈ ವಾರದ ಬಿಲ್ಲು 29 ಸಾಲು, ಚೀಟಿಯಲ್ಲಿ 27. ಹೆಚ್ಚಿಗೆ ಬಂದ ಎರಡೂ ಮಕ್ಕಳದ್ದು, ಅದಿರಲಿ. ಮೊದಲ ವಾರ ಮಧ್ಯದ ಸಾಲು ದಾಟುವುದು ಕಷ್ಟವಾಯಿತು, ಈಗ ಪರವಾಗಿಲ್ಲ. ಮೊತ್ತ ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲು ಇಳಿದಿದೆ.

ಫ್ರಿಜ್ಜನ್ನು ಅತ್ತೆ ವಹಿಸಿಕೊಂಡಿದ್ದಾರೆ. ಮುಂದೆ ಒಂದು ಸ್ಟೀಲ್ ತಟ್ಟೆ ಇಟ್ಟಿದ್ದಾರೆ. ಬೇಗ ಮುಗಿಯಬೇಕಾದದ್ದೆಲ್ಲ ಅದರಲ್ಲಿ. ಅರ್ಧ ಹೆಚ್ಚಿದ ಕ್ಯಾರೆಟ್, ನಿನ್ನೆಯ ಅನ್ನ, ಒಂದು ಬಾಳೆಹಣ್ಣು. ಮಕ್ಕಳು ಶಾಲೆಯಿಂದ ಬಂದ ಕೂಡಲೇ ಮೊದಲು ಆ ತಟ್ಟೆಯನ್ನೇ ನೋಡುತ್ತಾರೆ. ಮೂರು ವಾರದಲ್ಲಿ ಚೆಲ್ಲಿದ್ದು ಒಂದು ಹಿಡಿ ಸೊಪ್ಪು ಅಷ್ಟೇ.

ಈಗ ಇನ್ನೊಂದು ಕೇಳಬೇಕಿತ್ತು. ಅಡುಗೆ ಎಣ್ಣೆ ಈ ವಾರ ನಿಜಕ್ಕೂ ಅಗ್ಗ, ಹಳೆಯ ಬಿಲ್ಲುಗಳ ಜೊತೆ ಲೀಟರ್ ಲೆಕ್ಕದಲ್ಲಿ ಹೋಲಿಸಿ ನೋಡಿದೆ. ಆರು ಬಾಟಲಿ ತಂದಿಟ್ಟುಕೊಳ್ಳಲೇ?

ಉತ್ತರ 1

ಅಕ್ಕಾ, ಓದಿ ಖುಷಿಯಾಯಿತು. ಎಣ್ಣೆ ತಂದಿಡಬಹುದು, ಆದರೆ ಆರು ಅಂತ ಯಾವ ಲೆಕ್ಕದಲ್ಲಿ ಬಂತು? ಈಗ ಮನೆಯಲ್ಲಿರುವ ಬಾಟಲಿಯ ಮೇಲೆ ಅದನ್ನು ತೆರೆದ ದಿನ ಬರೆಯಿರಿ. ಮುಗಿದ ದಿನ ನೋಡಿದರೆ ಒಂದು ಬಾಟಲಿ ಎಷ್ಟು ದಿನ ಬರುತ್ತದೆ ಅಂತ ಸಿಗುತ್ತದೆ. ತಾರೀಕು ಮುಗಿಯುವುದರೊಳಗೆ ಎಷ್ಟು ಖಾಲಿಯಾಗುತ್ತದೋ ಅಷ್ಟೇ ತನ್ನಿ. ಸದ್ಯಕ್ಕೆ ಎರಡು ತಂದಿರಿ. ಒಲೆಯ ಪಕ್ಕ ಬೇಡ, ಬಿಸಿಲು ಬೀಳದ ತಣ್ಣಗಿನ ಕಪಾಟಿನಲ್ಲಿಡಿ. ಬಿಸಿ, ಬೆಳಕು, ಗಾಳಿ ತಾಗಿದರೆ ಎಣ್ಣೆ ಕನರು ವಾಸನೆ ಬರುತ್ತದೆ.

ಪ್ರಶ್ನೆ ಕೇಳಿದವರು

ಸರಿ, ಎರಡೇ ತರುತ್ತೇನೆ. ಈಗಿನ ಬಾಟಲಿ ತೆರೆದಿದ್ದು ಮಂಗಳವಾರ ಅಂತ ಅತ್ತೆ ಹೇಳಿದರು, ಬರೆದಿಟ್ಟೆ.