ಸಕ್ಕರೆಗೆ ಬದಲು ಫ್ರಕ್ಟೋಸ್ ಪುಡಿ: ನಮ್ಮನೆಯಲ್ಲಿ ಆದದ್ದು

ಅಕ್ಕಾ, ಅಪ್ಪನಿಗೆ ಶುಗರ್ ಉಂಟು, ಚಾಯಕ್ಕೆ ಸಕ್ಕರೆ ಬದಲು ಹಣ್ಣಿನ ಸಕ್ಕರೆ ಅಂದ್ರೆ ಫ್ರಕ್ಟೋಸ್ ಪುಡಿ ಹಾಕ್ಬಹುದಾ, ಬಳಸಿದವರು ಹೇಳಿ ಅಂತ ಕೇಳಿದ್ರಲ್ಲ, ನಾವು ಇಲ್ಲಿ ಬದಿಯಡ್ಕ ಹತ್ರ ಎಂಟು ತಿಂಗಳು ಬಳಸಿದ್ದೇವೆ, ನನ್ನ ಮಾತು ಕೇಳಿದ್ರೆ ಬೇಡ.

ನಾವು ತಂದದ್ದು ಗ್ಲೈಸೆಮಿಕ್ ಇಂಡೆಕ್ಸ್, ಅಂದ್ರೆ ತಿಂದದ್ದು ರಕ್ತದ ಶುಗರನ್ನು ಎಷ್ಟು ಏರಿಸ್ತದೆ ಅನ್ನುವ ಅಂಕೆ, ಅದನ್ನು ನೋಡಿ. ಗ್ಲೂಕೋಸಿಗೆ 100, ಸಕ್ಕರೆಗೆ 65ರ ಆಸುಪಾಸು, ಇದಕ್ಕೆ ಬರೀ 20ರ ಹತ್ರ, ಸಿಹಿಯೂ ಸಕ್ಕರೆಗಿಂತ ಜಾಸ್ತಿ, ಸ್ವಲ್ಪ ಹಾಕಿದ್ರೆ ಸಾಕು ಅಂತ ಲೆಕ್ಕ. ಆದ್ರೆ ಬಿಸಿಯಲ್ಲಿ ಇದರ ಸಿಹಿ ಇಳೀತದೆ ಮಾರಾಯ್ರೆ. ತಣ್ಣಗಿನ ಲಿಂಬೆ ಶರಬತ್ತಿಗೆ ಒಂದು ಚಮಚ ಸಾಕಾಗ್ತಿತ್ತು, ಚಾಯಕ್ಕೆ ನಮ್ಮಪ್ಪ ಎರಡು ಹಾಕ್ತಿದ್ರು, ಇದು ಒಳ್ಳೇದೇ ಅಲ್ವಾ ಅಂತ ಮೂರನೇದೂ. ಆಟಿ ತಿಂಗಳ ಮಳೆಗೆ ಡಬ್ಬಿಯ ಪುಡಿ ತೇವ ಎಳ್ಕೊಂಡು ಗಟ್ಟಿ, ಚಮಚದ ಹಿಡಿಯಲ್ಲಿ ಕುಟ್ಟಿ ತೆಗೀಬೇಕು.

ಮನೆಯ ಶುಗರ್ ನೋಡುವ ಮೆಷಿನಲ್ಲಿ ನಂಬರ್ ಚಂದ ಬರ್ತಿತ್ತು, ನಮಗೆ ಸಮಾಧಾನ. ಒಂದು ರಾತ್ರಿ ಅಪ್ಪನ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದ್ರೂ ಕೂಗುವಷ್ಟು ನೋವು. ಮಂಗಳೂರಿಗೆ ಕರ್ಕೊಂಡು ಹೋಗಿ ನೋಡಿದ್ರೆ ರಕ್ತದಲ್ಲಿ ಯೂರಿಕ್ ಆಸಿಡ್ (ಜಾಸ್ತಿಯಾದ್ರೆ ಗಂಟಲ್ಲಿ ಕೂತು ಹೀಗೆ ನೋವು ಕೊಡ್ತದೆ) ಏರಿದೆ, 180 ಇದ್ದ ಟ್ರೈಗ್ಲಿಸರೈಡ್, ಅಂದ್ರೆ ರಕ್ತದ ಒಂದು ಬಗೆಯ ಕೊಬ್ಬು, 310. ಡಾಕ್ಟ್ರು ಹೇಳಿದ್ದು ಇಷ್ಟು: ಮೆಷಿನ್ ನೋಡೋದು ಗ್ಲೂಕೋಸ್ ಮಾತ್ರ, ಫ್ರಕ್ಟೋಸಿನ ಹೆಚ್ಚಿನ ಪಾಲು ಲಿವರಲ್ಲೇ ಖರ್ಚಾಗ್ತದೆ, ಜಾಸ್ತಿಯಾದ್ರೆ ಅಲ್ಲೇ ಕೊಬ್ಬಾಗ್ತದೆ, ಯೂರಿಕ್ ಆಸಿಡನ್ನೂ ಏರಿಸ್ತದೆ. ಪುಡಿ ಒಂದರಿಂದಲೇ ಹೀಗಾಯ್ತು ಅಂತ ಅವರು ಹೇಳ್ಲಿಲ್ಲ, ಆದ್ರೆ ಮೊದಲು ಅದನ್ನು ನಿಲ್ಲಿಸಿ ಅಂದ್ರು.

ಹಾಗಂತ ಹಣ್ಣು ಬಿಡಿ ಅಂತ ನಾನು ಹೇಳೋದಿಲ್ಲ. ಒಂದು ಸಣ್ಣ ಕದಳಿ ಬಾಳೆಹಣ್ಣಲ್ಲಿ ಫ್ರಕ್ಟೋಸ್ ಕೆಲವೇ ಗ್ರಾಂ, ನಾರಿನ ಜೊತೆ ನಿಧಾನಕ್ಕೆ ಹೋಗ್ತದೆ. ಜ್ಯೂಸ್ ಬೇಡ. ಜೇನು ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಅದರಲ್ಲೂ ನೂರಕ್ಕೆ 40ರ ಹತ್ರ ಫ್ರಕ್ಟೋಸೇ. ಹಲಸಿನ ಹಣ್ಣಿನ ಕಾಲದಲ್ಲಿ ಅಪ್ಪನನ್ನು ತಡೆಯೋದು ಕಷ್ಟ, ಮೂರು ಸೊಳೆ ತಟ್ಟೆಗೆ ಹಾಕಿ ಉಳಿದದ್ದು ಅಮ್ಮ ಒಳಗೆ ಇಡ್ತಾರೆ.

ಇನ್ನೊಂದು, ಇದನ್ನು ಮರೀಬೇಡಿ ಅಕ್ಕ. ಶುಗರಿನ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರಿಗೆ ಶುಗರ್ ತೀರಾ ಇಳಿದು ಬೆವರಿ ನಡುಗಿದ್ರೆ ಈ ಪುಡಿ ಕೊಟ್ಟು ಪ್ರಯೋಜನ ಇಲ್ಲ, ಬೇಗ ಏರಿಸೋದಿಲ್ಲ, ಗ್ಲೂಕೋಸೇ ಬೇಕು, ಇಲ್ಲದಿದ್ರೆ ಸಾದಾ ಸಕ್ಕರೆ ನೀರು. ನಾವು ಗ್ಲೂಕೋಸ್ ಪ್ಯಾಕೆಟ್ ಅಪ್ಪನ ತಲೆದಿಂಬಿನ ಹತ್ರ ಇಟ್ಟಿದ್ದೇವೆ. ನೀವು ಪುಡಿ ಆಗ್ಲೇ ಶುರು ಮಾಡಿದ್ರೆ ಮುಂದಿನ ಸಲ ರಕ್ತ ಕೊಡುವಾಗ ಟ್ರೈಗ್ಲಿಸರೈಡ್, ಯೂರಿಕ್ ಆಸಿಡ್ ಎರಡೂ ಬರೆಸ್ಕೊಳ್ಳಿ.