ಸಹಾಯ ಬೇಕು: ಕಾಯಿಲೆಗಿಂತ ಭಯವೇ ಜಾಸ್ತಿಯಾಗಿದೆ

ಎಲ್ಲರಿಗೂ ನಮಸ್ಕಾರ. ಮೂರು ವಾರದ ಹಿಂದೆ ನನಗೆ ಪಲ್ಮನರಿ ಫೈಬ್ರೋಸಿಸ್ ಅಂತ ಗೊತ್ತಾಯಿತು. ಶ್ವಾಸಕೋಶ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ನಿಂಟೆಡಾನಿಬ್ ಎಂಬ ಔಷಧಿ ಶುರುವಾಗಿದೆ. ಅದು ಕಾಯಿಲೆಯ ವೇಗ ತಗ್ಗಿಸುತ್ತದೆ, ಆಗಿರುವ ಹಾನಿಯನ್ನು ಸರಿಮಾಡುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದರು.

ಔಷಧಿ ವಿಷಯ ಅವರು ನೋಡಿಕೊಳ್ಳುತ್ತಾರೆ. ನನ್ನ ಕಷ್ಟ ರಾತ್ರಿಯದು. ಎರಡು ಗಂಟೆಗೆ ಎಚ್ಚರವಾಗುತ್ತದೆ. ಲೈಟ್ ಹಾಕದೆ, ರಕ್ತದಲ್ಲಿನ ಆಮ್ಲಜನಕದ ಮಟ್ಟ ತೋರಿಸುವ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿಕೊಳ್ಳುತ್ತೇನೆ. 94. ಐದು ನಿಮಿಷ ಬಿಟ್ಟು ಮತ್ತೆ. 93. ಬೆರಳು ತಣ್ಣಗಿದ್ದರೂ ಅಂಕಿ ಏರುಪೇರಾಗುತ್ತದೆ ಅಂತ ಗೊತ್ತು, ಆದರೂ ಎದೆ ಧಸಕ್ ಅನ್ನುತ್ತದೆ. ಹೆದರಿದರೆ ಏದುಸಿರು, ಏದುಸಿರು ಬಂದರೆ ಇನ್ನಷ್ಟು ಹೆದರಿಕೆ. ಪಕ್ಕದಲ್ಲಿ ಹೆಂಡತಿ ನಿದ್ದೆ ಬಂದವಳ ಹಾಗೆ ಮಲಗಿರುತ್ತಾಳೆ. ಅವಳಿಗೂ ಎಚ್ಚರವಿರುತ್ತದೆ. ಇಬ್ಬರೂ ಮಾತಾಡುವುದಿಲ್ಲ.

"ಧೈರ್ಯವಾಗಿರಿ, ಏನೂ ಆಗಲ್ಲ" ಅಂತ ಸುಮ್ನೆ ಬರೆಯಬೇಡಿ, ದಯವಿಟ್ಟು. (ಸಿಗರೇಟ್ ಸೇದುತ್ತಿದ್ದಿರಾ ಅಂತಲೂ ಕೇಳಬೇಡಿ, ಉತ್ತರ ಹೇಳಿ ಹೇಳಿ ಸಾಕಾಗಿದೆ.) ಇದೇ ಕಾಯಿಲೆ ಇರುವವರು ಹೇಳಿ, ಆಕ್ಸಿಮೀಟರ್ ನೋಡುವ ಚಟ ಹೇಗೆ ಬಿಟ್ಟಿರಿ? ಮನೆಯವರ ಹತ್ತಿರ ಮೊದಲ ಮಾತು ಹೇಗೆ ತೆಗೆದಿರಿ? ಶ್ವಾಸಕೋಶದ ಕಾಯಿಲೆಯವರಿಗೆ ವ್ಯಾಯಾಮ, ಉಸಿರಾಟದ ಕ್ರಮ ಕಲಿಸುವ ಪಲ್ಮನರಿ ರಿಹ್ಯಾಬ್‌ಗೆ ಹೋದವರಿಗೆ ಭಯವೂ ಸ್ವಲ್ಪ ಕಡಿಮೆಯಾಯಿತಾ? ಕೌನ್ಸೆಲರ್ ಹತ್ತಿರ ಹೋಗಲು ನನಗೆ ಯಾಕೋ ಸಂಕೋಚ. ಹೋಗಿ ಬಂದವರಿದ್ದರೆ ಅಲ್ಲಿ ಏನು ಮಾತಾಡುತ್ತಾರೆ ಅಂತ ತಿಳಿಸಿ.